ಜಪಾನಿನ ಶಾಲೆಯಲ್ಲಿ ಊಟವೂ ಒಂದು ಪಾಠ: ಮಕ್ಕಳನ್ನು ಸೇರಿಸಲು ಹೊರಟ ಕನ್ನಡಿಗರಿಗೆ

ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಶುಕ್ರವಾರ ಸಂಜೆ ಬಟ್ಟೆ ಚೀಲವೊಂದನ್ನು ಹಿಡಿದು ಮನೆಗೆ ಬಂದಳು. ಒಳಗೆ ಬಿಳಿ ನಿಲುವಂಗಿ, ಬಿಳಿ ಟೋಪಿ. ತೋಳಿನ ಮೇಲೆ ಸಾರು ಚೆಲ್ಲಿದ ಕಲೆ. ಯಾರದೋ ಬಟ್ಟೆ ತಪ್ಪಿ ಬಂದಿದೆ ಅಂದುಕೊಂಡೆವು. ಹಾಗಲ್ಲ, ಆ ವಾರ ಇಡೀ ತರಗತಿಗೆ ಊಟ ಬಡಿಸುವ ಸರದಿ ಅವಳ ಗುಂಪಿನದಾಗಿತ್ತು. ಅಂಗಿಯನ್ನು ನಾವು ಒಗೆದು, ಇಸ್ತ್ರಿ ಮಾಡಿ ಸೋಮವಾರ ಕಳಿಸಬೇಕು. ಮುಂದಿನ ವಾರ ಅದನ್ನೇ ಇನ್ನೊಂದು ಮಗು ತೊಡುತ್ತದೆ. ಕೆಲವು ಶಾಲೆಗಳಲ್ಲಿ ಈಗ ಪ್ರತಿ ಮಗುವೂ ತನ್ನದೇ ಏಪ್ರನ್ ತರಬೇಕು.

ಜಪಾನಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಮಗುವನ್ನು ಸೇರಿಸುವವರು ಮೊದಲು ತಿಳಿಯಬೇಕಾದದ್ದು ಇದೇ. ಇಲ್ಲಿ ಮಧ್ಯಾಹ್ನದ ಊಟ ಪಾಠದ ನಡುವಿನ ಬಿಡುವಲ್ಲ, ಅದೇ ಒಂದು ಪಾಠ. ಶಾಲೆಯ ಬಿಸಿಯೂಟಕ್ಕೆ ಕ್ಯೂಶೊಕು ಅನ್ನುತ್ತಾರೆ. ಊಟದ ಮೂಲಕ ಕಲಿಸುವುದಕ್ಕೆ ಶೊಕುಇಕು ಅಂತ ಹೆಸರು. ಶೊಕು ಅಂದರೆ ಆಹಾರ, ಇಕು ಅಂದರೆ ಬೆಳೆಸುವುದು. 2005ರಲ್ಲಿ ಇದಕ್ಕೆಂದೇ ಒಂದು ಕಾನೂನು ಬಂತು. ಬುದ್ಧಿ, ನಡತೆ, ದೇಹ ಈ ಮೂರೂ ಶಿಕ್ಷಣಕ್ಕೆ ಆಹಾರದ ಶಿಕ್ಷಣವೇ ಬುನಾದಿ ಅಂತ ಅದರ ಮುನ್ನುಡಿಯಲ್ಲೇ ಇದೆ. ಪೌಷ್ಟಿಕತೆ ಕಲಿಸುವ ಶಿಕ್ಷಕರ ಹುದ್ದೆಯೂ ಅದೇ ವರ್ಷ ಶುರುವಾಯಿತು. ಇವರನ್ನು ಏಯೋ ಕ್ಯೋಯು ಅನ್ನುತ್ತಾರೆ. ಮೆನು ಮಾಡುವವರೂ ಇವರೇ, ತರಗತಿಗೆ ಬಂದು ಪಾಠ ಮಾಡುವವರೂ ಇವರೇ. ಆದರೆ ಎಲ್ಲ ಶಾಲೆಯಲ್ಲೂ ಇವರು ಇರುವುದಿಲ್ಲ. ನಿಮ್ಮ ಶಾಲೆಯಲ್ಲಿ ಇದ್ದರೆ ಬೇಗ ಪರಿಚಯ ಮಾಡಿಕೊಳ್ಳಿ.

ಬಿಸಿಯೂಟ ನಮಗೆ ಹೊಸದಲ್ಲ. 2002ರಲ್ಲಿ ಶುರುವಾದ ಅಕ್ಷರ ದಾಸೋಹದಲ್ಲಿ ಉಂಡು ಬೆಳೆದವರು ಈಗ ಟೋಕಿಯೋದಲ್ಲಿ ಕೆಲಸಕ್ಕಿದ್ದಾರೆ. ಇಲ್ಲಿಯೂ ಇದು ಹುಟ್ಟಿದ್ದು ಹಸಿವಿನಿಂದಲೇ. 1889ರಲ್ಲಿ ಯಾಮಗಾತ ಪ್ರಾಂತದ ತ್ಸುರುಒಕ ಊರಿನ ಶಾಲೆಯೊಂದರಲ್ಲಿ ಬಡ ಮಕ್ಕಳಿಗೆ ಅನ್ನದ ಉಂಡೆ, ಉಪ್ಪು ಹಾಕಿದ ಮೀನು, ಉಪ್ಪಿನಕಾಯಿ ಕೊಟ್ಟರು. ಜಪಾನಿನ ಶಾಲೆ ಊಟದ ಕತೆ ಅಲ್ಲಿಂದ ಶುರು ಅನ್ನುತ್ತಾರೆ.

ಪೋಷಕರಿಗೆ ಊಟದ ರುಚಿ ತೋರಿಸುವ ದಿನ ಬಹಳ ಶಾಲೆಗಳಲ್ಲಿ ಇರುತ್ತದೆ. ಅದನ್ನು ತಪ್ಪಿಸಬೇಡಿ. ನಾನು ಹೋದ ದಿನ ಮಕ್ಕಳು ಮೊದಲು ಬೆಂಚುಗಳನ್ನು ಜೋಡಿಸಿಕೊಂಡರು. ಟೋಪಿ, ಮಾಸ್ಕ್ ಹಾಕಿದ ಏಳೆಂಟು ಮಕ್ಕಳು ಗಾಡಿ ತಳ್ಳಿಕೊಂಡು ಬಂದರು. ಸೂಪಿನ ಪಾತ್ರೆಯನ್ನು ಇಬ್ಬರು ಹಿಡಿದು, ಹೆಜ್ಜೆ ಲೆಕ್ಕ ಹಾಕಿಕೊಂಡು ಎತ್ತಿಟ್ಟರು. ಒಬ್ಬ ಹುಡುಗ ಸೌಟನ್ನು ತಳಕ್ಕೆ ಇಳಿಸಿ, ತಿರುಗಿಸಿ, ಗಟ್ಟಿಯೂ ನೀರೂ ಎಲ್ಲರಿಗೂ ಸಮನಾಗಿ ಬರುವಂತೆ ಬಡಿಸುತ್ತಿದ್ದ. ಮದುವೆ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವರ ಕೈ ನೆನಪಾಯಿತು. ಶಿಕ್ಷಕರೂ ಅದೇ ತಟ್ಟೆ, ಅದೇ ಊಟ. ಕಡಿಮೆ ಸಾಕು ಅನ್ನುವವರು ಊಟಕ್ಕೆ ಮೊದಲೇ ಸ್ವಲ್ಪ ವಾಪಸ್ ಹಾಕುತ್ತಾರೆ. ಉಳಿದದ್ದು ಜಾಸ್ತಿ ಬೇಕೆನ್ನುವವರಿಗೆ. ಆಮೇಲೆ ಎಲ್ಲರೂ ಕೈ ಮುಗಿದು ‘ಇತದಕಿಮಾಸ್’ ಅನ್ನುತ್ತಾರೆ, ವಿನಯದಿಂದ ಪಡೆಯುತ್ತೇನೆ ಅಂತ. ಊಟ ಮುಗಿದ ಮೇಲೆ ‘ಗೊಚಿಸೋಸಾಮಾ’. ಊಟ ಒದಗಿಸಲು ಓಡಾಡಿದವರಿಗೆ ಹೇಳುವ ಮಾತು ಅದು. ನಮ್ಮ ‘ಅನ್ನದಾತೋ ಸುಖೀಭವ’ಕ್ಕೆ ಎಷ್ಟು ಹತ್ತಿರ, ಅಲ್ವಾ? ಮಗುವಿಗೆ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿಕೊಡಿ.

ಕೊಂದಾತೆ ಅನ್ನುವ ಮೆನು ಹಾಳೆ ತಿಂಗಳಿಗೊಮ್ಮೆ ಮನೆಗೆ ಬರುತ್ತದೆ. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿ ಮರೆಯಬೇಡಿ. ಸಾಮಾನ್ಯವಾಗಿ ಅದರಲ್ಲಿ ಪ್ರತಿ ದಿನದ ಸಾಮಾನುಗಳನ್ನು ಮೂರು ಬಣ್ಣಕ್ಕೆ ಹಂಚಿರುತ್ತಾರೆ. ಕೆಂಪು ಮೈ ಬೆಳೆಸುವಂಥದ್ದು: ಮೀನು, ಮಾಂಸ, ಮೊಟ್ಟೆ, ಹಾಲು, ಕಾಳು, ತೋಫು. ಹಳದಿ ಶಕ್ತಿ ಕೊಡುವಂಥದ್ದು: ಅನ್ನ, ಬ್ರೆಡ್, ಆಲೂಗಡ್ಡೆ, ಎಣ್ಣೆ. ಹಸಿರು ಮೈಯನ್ನು ಹದದಲ್ಲಿಡುವಂಥದ್ದು: ತರಕಾರಿ, ಹಣ್ಣು, ಅಣಬೆ. ಚಿಕ್ಕ ಮಕ್ಕಳೂ ತಟ್ಟೆ ನೋಡಿ ಯಾವ ಬಣ್ಣ ಇಲ್ಲ ಅಂತ ಹೇಳುತ್ತಾರೆ. ನಮ್ಮ ಬಿಸಿಬೇಳೆಬಾತನ್ನು ಮಗಳು ಹೀಗೆ ಬಿಡಿಸಿದಳು: ಬೇಳೆ ಕೆಂಪು, ಅಕ್ಕಿ ಮತ್ತು ತುಪ್ಪ ಹಳದಿ, ಬೀನ್ಸು ಕ್ಯಾರೆಟ್ಟು ಹಸಿರು. ಮೂರೂ ಬಂತು!

ಈಗ ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ, ಸಸ್ಯಾಹಾರ. ಶಾಲೆಯಲ್ಲಿ ಬೇರೆ ಸಸ್ಯಾಹಾರದ ಅಡುಗೆ ಸಿಗುವುದು ಅಪರೂಪ. ‘ಮಾಂಸ ತಿನ್ನಲ್ಲ’ ಅಂತಷ್ಟೇ ಬರೆದುಕೊಡಬೇಡಿ. ನಾವು ಹಾಗೆ ಬರೆದೆವು, ಮೀನು ಬಂತು. ಮಾಂಸ, ಮೀನು, ಮೊಟ್ಟೆ ಅಂತ ಒಂದೊಂದನ್ನೂ ಬಿಡಿಸಿ ಬರೆಯಿರಿ. ಬರೀ ತರಕಾರಿ ಅಂತ ಕಾಣುವ ಪಲ್ಯದಲ್ಲೂ, ಹುಳಿಬರಿಸಿದ ಸೋಯಾದಿಂದ ಮಾಡುವ ಮಿಸೋ ಸೂಪಿನಲ್ಲೂ ದಾಶಿ ಇರುತ್ತದೆ. ಅದು ಸಾಮಾನ್ಯವಾಗಿ ಒಣ ಮೀನಿನಿಂದ ತೆಗೆದ ರಸ. ಕರಿ ರೈಸಿನ, ಅಂದರೆ ಅನ್ನದ ಮೇಲೆ ಗಟ್ಟಿ ಮಸಾಲೆ ಸಾರು ಹಾಕಿದ ಅಡುಗೆಯ, ಮಸಾಲೆಯಲ್ಲಿ ಪ್ರಾಣಿ ಕೊಬ್ಬು ಇರಬಹುದು. ಇಷ್ಟರ ಮಟ್ಟಿಗೆ ಪರವಾಗಿಲ್ಲವೋ, ಆಗುವುದೇ ಇಲ್ಲವೋ ಅಂತ ಮನೆಯಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಿ. ಆಗದಿದ್ದರೆ ಬೆಂತೋ, ಅಂದರೆ ಮನೆ ಡಬ್ಬಿ ಕಳಿಸಲು ಹೆಚ್ಚಿನ ಶಾಲೆಗಳು ಒಪ್ಪುತ್ತವೆ. ಕೆಲವು ಕಡೆ ಅನ್ನ, ಹಾಲು, ಹಣ್ಣು ಶಾಲೆಯದು, ಜೊತೆಗೆ ಪಲ್ಯ ಮಾತ್ರ ಮನೆಯದು ಅಂತಲೂ ಮಾಡಿಕೊಳ್ಳಬಹುದು.

ಆದರೆ ಡಬ್ಬಿ ಕಳಿಸಿದ ಕೂಡಲೇ ನಮ್ಮ ಕೆಲಸ ಮುಗಿಯಲಿಲ್ಲ. ಮೊದಲ ತಿಂಗಳು ನನ್ನ ಮಗಳು ಡಬ್ಬಿ ತೆರೆದು ಸುಮ್ನೆ ಕೂತಿರುತ್ತಿದ್ದಳು. ಉಳಿದವರು ಬಡಿಸುವುದು, ತಟ್ಟೆ ಸಾಗಿಸುವುದು ಎಲ್ಲವನ್ನೂ ದೂರದಿಂದ ನೋಡುತ್ತಿದ್ದಳು. ಆ ಪಾಠವೇ ಅವಳಿಗೆ ತಪ್ಪಿಹೋಗುತ್ತಿತ್ತು. ದಿನಾ ಶಾಲೆಗೂ ಮನೆಗೂ ಓಡಾಡುವ ರೆನ್ರಾಕುಚೋ ಅನ್ನುವ ಪುಸ್ತಕದಲ್ಲಿ ನಾವು ಒಂದೇ ಸಾಲು ಬರೆದೆವು: ಊಟ ಮನೆಯದಾದರೂ ಬಡಿಸುವ ಸರದಿ ಅವಳಿಗೂ ಕೊಡಿ. ಶಿಕ್ಷಕಿ ಮರುದಿನವೇ ಸೇರಿಸಿಕೊಂಡರು. ನೀವೂ ಇದನ್ನು ಬಾಯಿಬಿಟ್ಟು ಕೇಳಿ. ಇನ್ನೊಂದು ಉಪಾಯ ಇದೆ. ಮೆನು ನೋಡಿ ಅದಕ್ಕೆ ಹತ್ತಿರದ ಅಡುಗೆಯನ್ನೇ ಡಬ್ಬಿಗೆ ಹಾಕಿ. ಅಲ್ಲಿ ಕರಿ ರೈಸ್ ಇದ್ದ ದಿನ ಇಲ್ಲಿ ಆಲೂಗಡ್ಡೆ ಸಾಗು ಮತ್ತು ಅನ್ನ. ಪಕ್ಕದ ತಟ್ಟೆಯಂಥದ್ದೇ ತನ್ನ ಮುಂದೆಯೂ ಇದ್ದರೆ ಮಗುವಿಗೆ ಎಷ್ಟೋ ಸಮಾಧಾನ. ಬೇಸಿಗೆಯ ಸೆಕೆಗೆ ಮೊಸರನ್ನ ಹುಳಿಯಾಗುತ್ತದೆ, ಐಸ್ ಪ್ಯಾಕ್ ಇಲ್ಲದೆ ಕಳಿಸಬೇಡಿ.

ಅಲರ್ಜಿ ವಿಷಯ ಬೇರೆ, ಇದರಲ್ಲಿ ಮಾತುಕತೆಯ ಹೊಂದಾಣಿಕೆ ನಡೆಯುವುದಿಲ್ಲ. ಇದಕ್ಕೆಂದೇ ಇರುವ ಫಾರಂ ಅನ್ನು ವೈದ್ಯರಿಂದ ತುಂಬಿಸಿ ಕೊಡಬೇಕು, ಪ್ರತಿ ವರ್ಷ ಹೊಸದು. 2012ರಲ್ಲಿ ಟೋಕಿಯೋದ ಚೋಫು ನಗರದಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ತೀರಿಕೊಂಡಳು. ಅವಳಿಗೆ ಹಾಲಿನ ಅಲರ್ಜಿ ಇತ್ತು, ಎರಡನೇ ಸಲ ಹಾಕಿಸಿಕೊಂಡ ತಿಂಡಿಯಲ್ಲಿ ಚೀಸ್ ಇತ್ತು. ಆಮೇಲೆ ದೇಶದಲ್ಲೆಲ್ಲ ನಿಯಮ ಬಿಗಿಯಾಯಿತು. ಅಲರ್ಜಿ ಇರುವ ಮಗುವಿಗೆ ಎರಡನೇ ಸಲ ಬಡಿಸುವುದಿಲ್ಲ ಅಂತ ಶಾಲೆ ಹೇಳಿದರೆ ಅದನ್ನು ಭೇದಭಾವ ಅಂದುಕೊಳ್ಳಬೇಡಿ.

ಊಟದ ತಟ್ಟೆಯಾಚೆಗೂ ಪಾಠ ಇದೆ. ಒಂದು, ಎರಡನೇ ಕ್ಲಾಸಿನಲ್ಲಿ ಕುಂಡದಲ್ಲಿ ಟೊಮೇಟೊ, ಬದನೆ ಬೆಳೆಸುತ್ತಾರೆ. ಮೂರರಲ್ಲಿ ಸೂಪರ್‌ಮಾರ್ಕೆಟ್‌ಗೆ ಕರೆದುಕೊಂಡು ಹೋಗುತ್ತಾರೆ. ಐದರಲ್ಲಿ ಭತ್ತದ ಬೇಸಾಯ, ಮೀನುಗಾರಿಕೆ. ತಾವು ತಿನ್ನುವುದರಲ್ಲಿ ಕ್ಯಾಲೊರಿ ಲೆಕ್ಕದಲ್ಲಿ ಶೇ. 38ರಷ್ಟು ಮಾತ್ರ ಜಪಾನಿನಲ್ಲಿ ಬೆಳೆದದ್ದು ಅಂತ ಮಕ್ಕಳು ಲೆಕ್ಕ ಹಾಕುವುದು ಆಗಲೇ. ಐದು ಮತ್ತು ಆರನೇ ಕ್ಲಾಸಿಗೆ ಕತೇಕ, ಅಂದರೆ ಮನೆಗೆಲಸದ ಪಾಠ. ಹುಡುಗರಿಗೂ ಕಡ್ಡಾಯ. ಅನ್ನ ಮತ್ತು ಮಿಸೋ ಸೂಪು ಮಾಡಲು ಎಲ್ಲರೂ ಕಲಿಯುತ್ತಾರೆ. ಅಕ್ಕಿ ಉಬ್ಬುವುದು, ನೀರು ಕುದಿಯುವುದು ಕಾಣಲಿ ಅಂತ ಗಾಜಿನ ಪಾತ್ರೆಯಲ್ಲಿ ಅನ್ನ ಮಾಡಿಸುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಸೂಪಿನ ದಿನ ಮೀನಿನ ಬದಲು ಕೊಂಬು ಅನ್ನುವ ಕಡಲ ಸೊಪ್ಪಿನ ದಾಶಿ ಬಳಸಬಹುದೇ ಅಂತ ಮುಂಚೆಯೇ ಕೇಳಿ. ಅದೂ ಜಪಾನಿನ ಹಳೆಯ ಪದ್ಧತಿಯೇ, ಆದ್ದರಿಂದ ಕೇಳಲು ಸಂಕೋಚ ಬೇಡ.

ಹಣದ ವಿಷಯ. 2023ರ ಸರ್ಕಾರಿ ಸಮೀಕ್ಷೆಯಲ್ಲಿ ಪ್ರಾಥಮಿಕ ಶಾಲೆಯ ಊಟಕ್ಕೆ ತಿಂಗಳಿಗೆ ಸರಾಸರಿ ಸುಮಾರು 4,700 ಯೆನ್ ಇತ್ತು. ಉಚಿತ ಮಾಡಿರುವ ಊರುಗಳು ಈಗ ಬಹಳ. ನಿಮ್ಮ ವಾರ್ಡ್ ಕಚೇರಿಯಲ್ಲಿ ವಿಚಾರಿಸಿ.

ಇದನ್ನೆಲ್ಲ ಮಾತಾಡಲು ಶಾಲೆ ಶುರುವಾಗುವ ಏಪ್ರಿಲ್‌ವರೆಗೆ ಕಾಯಬೇಡಿ. ಶಾಲೆ ಸೇರುವ ಹಿಂದಿನ ಶರತ್ಕಾಲದಲ್ಲೇ ಮಕ್ಕಳ ಆರೋಗ್ಯ ತಪಾಸಣೆಗೆ ಕರೆಯುತ್ತಾರೆ. ಊಟದ ಮಾತು ಅಲ್ಲೇ ಎತ್ತಿ. ಜಪಾನಿ ಬಾರದಿದ್ದರೆ ತಿನ್ನುವ, ತಿನ್ನದ ಪದಾರ್ಥಗಳ ಚಿತ್ರ ಇರುವ ಒಂದು ಹಾಳೆ ಸಾಕು. ಟೋಕಿಯೋದ ನಿಶಿಕಸಾಯ್ ಕಡೆ ನಮ್ಮವರು ಜಾಸ್ತಿ ಇರುವುದರಿಂದ ಹಳಬರ ಹತ್ತಿರ ಅಂಥ ಹಾಳೆ ಸಿಗಬಹುದು. ನಿಶಿಕಸಾಯ್ ಇರುವುದು ಎದೊಗಾವ ವಾರ್ಡಿನಲ್ಲಿ. ಕೊಮತ್ಸುನ ಸೊಪ್ಪಿಗೆ ಆ ಹೆಸರು ಬಂದದ್ದು ಅದೇ ವಾರ್ಡಿನ ಕೊಮತ್ಸುಗಾವದಿಂದ. ಶಾಲೆಯಲ್ಲಿ ಆ ಸೊಪ್ಪು ತಿಂದು ಬಂದ ದಿನ ಮನೆಯಲ್ಲಿ ಅದರದ್ದೇ ಬಸ್ಸಾರು ಮಾಡಿ, ಸೊಪ್ಪು ಬಿಡಿಸುವ ಕೆಲಸ ಮಗುವಿಗೆ ಕೊಡಿ.