ಜೇನು ತರಬೇತಿಗೆ ಫೀಸಿಲ್ಲ, ಖರ್ಚು ಮಾತ್ರ ಇದೆ

ಜೇನು ಸಾಕಣೆ ಸರ್ಟಿಫಿಕೇಟು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಫೀಸೆಷ್ಟ್ರೀ?" ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಸಿಗುವ ತರಬೇತಿಗಳಲ್ಲಿ ಹೆಚ್ಚಿನವಕ್ಕೆ ಫೀಸೇ ಇಲ್ಲ. ದುಡ್ಡು ಹೋಗುವುದು ಬೇರೆ ದಾರಿಯಲ್ಲಿ. ಹತ್ತು ದಿನ ಕ್ಲಾಸಿಗೆ ಕೂತರೆ ಹತ್ತು ದಿನದ ಕೂಲಿ ಹೋಯಿತು. 2025-26ರ ಉದ್ಯೋಗ ಖಾತರಿ ದರ ದಿನಕ್ಕೆ 370 ರೂಪಾಯಿ ಹಿಡಿದರೂ 3,700 ಆಯಿತು. ಅದೇ ಮೂರು ತಿಂಗಳ ಕೋರ್ಸಾದರೆ 33,300. ಇದರ ಮುಂದೆ ಬಸ್ ಚಾರ್ಜು, ಝೆರಾಕ್ಸು, ಊಟ ಎಲ್ಲ ಚಿಲ್ಲರೆ. ಹಾಗಾಗಿ ನಾನು ರೂಪಾಯಿಯನ್ನು ಬಿಟ್ಟು ದಿನಗಳನ್ನು ಎಣಿಸಿದೆ. ಊರಿಗೆ ಹತ್ತಿರದ ಸಣ್ಣ ತರಬೇತಿ ಮೊದಲು, ಆಮೇಲೆ ಪೆಟ್ಟಿಗೆ, ದೂರದ ದೊಡ್ಡ ಕೋರ್ಸು ಕಟ್ಟಕಡೆಗೆ, ಅದೂ ಬೇಕೆನಿಸಿದರೆ.

ಬೇಕೇ ಎನ್ನುವುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಜೇನು ಸಾಕಲು ಯಾವ ಸರ್ಟಿಫಿಕೇಟೂ ಬೇಕಿಲ್ಲ. ಜೇನುತುಪ್ಪವನ್ನು ಬಾಟಲಿಗೆ ತುಂಬಿ ಮಾರಲು ಬೇಕಾದದ್ದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಅದು ಬೇರೆಯೇ ವಿಷಯ. ತರಬೇತಿ ಪತ್ರ ಕೇಳುವುದು ಸಹಾಯಧನದ ಪೆಟ್ಟಿಗೆಗೆ ಅರ್ಜಿ ಹಾಕುವಾಗ, ಬ್ಯಾಂಕಿನಲ್ಲಿ ಸಾಲಕ್ಕೆ ಕೂತಾಗ, ಇಲ್ಲವೇ ನೀವೇ ಇನ್ನೊಬ್ಬರಿಗೆ ಹೇಳಿಕೊಡುವ ಕೆಲಸಕ್ಕೆ ಹೋದಾಗ. ಮೊದಲೆರಡಕ್ಕೆ ವಾರದ ತರಬೇತಿಯ ಪತ್ರ ಸಾಕು. ಮೂರನೆಯದಕ್ಕೆ ಮಾತ್ರ ದೊಡ್ಡದು ಬೇಕು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ, ಎರಡು ಪೆಟ್ಟಿಗೆ ಇಡಬೇಕೆಂದವರೂ ಪುಣೆಯ ದೊಡ್ಡ ಸಂಸ್ಥೆಯ ವಿಳಾಸ ಹುಡುಕುತ್ತಾ ಕೂರುತ್ತಾರೆ.

ಹತ್ತಿರ ಇರುವುದೆಂದರೆ ಕೃಷಿ ವಿಜ್ಞಾನ ಕೇಂದ್ರಗಳು. ರಾಯಚೂರಿನವರಿಗೆ ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣ, ಬಳ್ಳಾರಿಯವರಿಗೆ ಹಗರಿ. ಕೊಪ್ಪಳ ಜಿಲ್ಲೆಯವರು ಒಂದು ನೆನಪಿಡಬೇಕು: ಕೇಂದ್ರ ಇರುವುದು ಗಂಗಾವತಿಯಲ್ಲಿ. ಕುಷ್ಟಗಿ, ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗಿ ಕೇಳಿ, ಅಲ್ಲಿಂದ ಗಂಗಾವತಿಗೆ ಹೋದರೆ ಒಂದು ದಿನ ಹಾಳು. ಇಲ್ಲಿ ಒಂದೆರಡು ದಿನದ ತರಬೇತಿಯೂ ಇರುತ್ತದೆ, ಗ್ರಾಮೀಣ ಯುವಕರ ಕೌಶಲ ತರಬೇತಿ ಅಡಿ ವಾರದ್ದೂ ಬರುತ್ತದೆ. ವಾರದ್ದಕ್ಕೆ ಒಂದು ತಂಡಕ್ಕೆ 15 ಮಂದಿ. ಜೇನೇ ಬರುತ್ತದೆಂಬ ಖಾತರಿ ಇಲ್ಲ, ಅದೇ ಯೋಜನೆಯಲ್ಲಿ ಅಣಬೆ, ಎರೆಗೊಬ್ಬರ, ಕುರಿ ಸಾಕಣೆ ಎಲ್ಲಕ್ಕೂ ಪಾಳಿ ಇರುತ್ತದೆ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ, ಅಂದರೆ ನಮ್ಮ ಕಡೆ ಆರ್‌ಸೆಟಿ ಅನ್ನುವಲ್ಲಿ, ಊಟ ವಸತಿ ಎರಡೂ ಉಚಿತ, ಹೊಲ ಇರಬೇಕೆಂದೂ ಇಲ್ಲ. ಭೂಮಿ ಇಲ್ಲದವರಿಗೆ ನಾನು ಮೊದಲು ತೋರಿಸುವುದು ಇದೇ ಬಾಗಿಲು.

ದೂರದ್ದೆಂದರೆ ಕೊಡಗಿನ ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಕೇಂದ್ರ, ಪುಣೆಯಲ್ಲಿ ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ. ಪುಣೆಯದ್ದು 1962ರಿಂದ ಇದೆ. ರಾಯಚೂರಿನವರಿಗೆ ಪುಣೆಗೆ ನೇರ ರೈಲಿದೆ. ಕೊಡಗಿನಲ್ಲಿ ರೈಲೇ ಇಲ್ಲ, ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಮುಂದೆ ಮತ್ತೊಂದು ಬಸ್ಸು. ದಾರಿ ಲೆಕ್ಕದಲ್ಲಿ ರಾಯಚೂರಿಗೆ ಭಾಗಮಂಡಲಕ್ಕಿಂತ ಪುಣೆಯೇ ಸಲೀಸು. ಭಾಷೆ ಲೆಕ್ಕದಲ್ಲಿ ತಿರುಗುಮುರುಗು: ಪುಣೆಯಲ್ಲಿ ಕನ್ನಡದ ಪಾಠ ನಿರೀಕ್ಷಿಸಬೇಡಿ. ಇಗ್ನೋ ವಿಶ್ವವಿದ್ಯಾಲಯದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು, ಮನೆಯಲ್ಲೇ ಓದಬಹುದು. ಆದರೆ ಪುಸ್ತಕ ಇಂಗ್ಲಿಷ್, ಹಿಂದಿಯಲ್ಲಿ. ಎಂಟನೇ ತರಗತಿಗೆ ಬಾಗಿಲು ತೆರೆದು, ಎಂಟನೇ ತರಗತಿಯವರು ಓದಲಾಗದ ಪುಸ್ತಕ ಕೊಟ್ಟರೆ ಅದನ್ನು ಏನೆನ್ನಬೇಕೋ! ಇದಕ್ಕೆ ಸೇರುವ ಮುನ್ನ ಪ್ರಾಯೋಗಿಕ ತರಗತಿ ಯಾವ ಊರಿನಲ್ಲಿ, ಎಷ್ಟು ದಿನ ಎಂದು ಕೇಳಿಯೇ ಫೀಸು ಕಟ್ಟಬೇಕು.

ಕಾಗದಪತ್ರದಲ್ಲಿ ಹೋಗುವ ದಿನಗಳು ತರಬೇತಿಯ ದಿನಗಳಿಗಿಂತ ಹೆಚ್ಚು. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ ಎಲ್ಲ ಕಡೆಯೂ ಬೇಕು. ತೋಟಗಾರಿಕೆ ಇಲಾಖೆಯ ಸಹಾಯಧನಕ್ಕೆ ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಕೇಳುತ್ತಾರೆ. ಸಿಕ್ಕಿಬೀಳುವುದು ಹೆಸರಿನಲ್ಲಿ. ಪಹಣಿಯಲ್ಲಿ ತಂದೆಯ ಹೆಸರಿನ ಮುಂದೆ ಅಡ್ಡಹೆಸರು, ಆಧಾರಿನಲ್ಲಿ ಬರೀ ಇನಿಷಿಯಲ್, ಅಂಕಪಟ್ಟಿಯಲ್ಲಿ ಮೂರನೆಯದೇ ಕಾಗುಣಿತ. ಮೂರೂ ಒಂದಾಗುವ ತನಕ ಅರ್ಜಿ ಮುಂದೆ ಹೋಗದು. ಆದ್ದರಿಂದ ತರಬೇತಿ ಪ್ರಕಟಣೆ ಬರುವ ಮೊದಲೇ, ಮಳೆಗಾಲದಲ್ಲೇ, ಆಧಾರ್ ತಿದ್ದುಪಡಿ ಮುಗಿಸಿಟ್ಟುಕೊಳ್ಳುವುದು ಲೇಸು. ಪಹಣಿ ತಿದ್ದುಪಡಿಗೆ ತಹಶೀಲ್ದಾರ್ ಕಚೇರಿ ಸುತ್ತಬೇಕು, ಅದಕ್ಕಿಂತ ಆಧಾರನ್ನೇ ಪಹಣಿಗೆ ಹೊಂದಿಸುವುದು ಬೇಗ ಆಗುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಗಂಟು. ಹೊಲ ಮಾವನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇರುತ್ತದೆ, ಪೆಟ್ಟಿಗೆ ನೋಡಿಕೊಳ್ಳುವವರು ಇವರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜು ಉಳಿಯಿತು, ದಿನಾ ಹೋಗಿ ಬರುವ ತರಬೇತಿ ಅವರಿಗೆ ನಿಜಕ್ಕೂ ಅಗ್ಗವಾಯಿತು. ಹತ್ತು ರಾತ್ರಿ ಹೊರಗಿರಬೇಕಾದ ತರಬೇತಿ ಮಾತ್ರ ಹಾಗೇ ಉಳಿದಿದೆ. ಸ್ವಸಹಾಯ ಸಂಘದ ನಾಲ್ಕೈದು ಮಂದಿ ಒಟ್ಟಿಗೆ ಹೆಸರು ಕೊಟ್ಟರೆ ಮನೆಯವರೂ ಒಪ್ಪುತ್ತಾರೆ, ಹೋದವರಿಗೂ ಜೊತೆ ಇರುತ್ತದೆ.

ಒಟ್ಟಿಗೆ ಹೆಸರು ಕೊಡುವುದರಿಂದ ಇನ್ನೂ ದೊಡ್ಡ ಲಾಭವಿದೆ. ತರಬೇತಿ ನಡೆಯದೇ ಹೋಗುವುದಕ್ಕೆ ಮುಖ್ಯ ಕಾರಣ ತಂಡ ತುಂಬದಿರುವುದು. ಒಬ್ಬನೇ ಹೋಗಿ ಕೇಳಿದರೆ "ಬ್ಯಾಚ್ ಆದಾಗ ಹೇಳ್ತೀವಿ" ಎಂಬ ಉತ್ತರ. ಹದಿನೈದು ಹೆಸರು, ಮೊಬೈಲ್ ನಂಬರು, ಆಧಾರ್ ಝೆರಾಕ್ಸು ಒಂದೇ ಪಿನ್ನಿಗೆ ಸೇರಿಸಿ ಒಂದು ಪುಟದ ಅರ್ಜಿ ಕೊಟ್ಟರೆ ತಂಡ ಆಗಲೇ ಆದಂತೆ. ಅರ್ಜಿಯಲ್ಲಿ ತಿಂಗಳನ್ನೂ ಬರೆಯಬೇಕು. ಬರೆಯದಿದ್ದರೆ ಹಣಕಾಸು ವರ್ಷ ಮುಗಿಯುವ ಹೊತ್ತಿಗೆ, ಫೆಬ್ರವರಿ ಮಾರ್ಚಿನಲ್ಲಿ, ಕರೆ ಬರುತ್ತದೆ. ಅಷ್ಟೊತ್ತಿಗೆ ಈ ತರಬೇತಿ ಯಾರಿಗೆ ಬೇಕಿತ್ತೋ ಅವರು ಗುಳೆ ಹೋಗಿರುತ್ತಾರೆ, ಹೂವೂ ಮುಗಿಯುತ್ತಾ ಬಂದಿರುತ್ತದೆ. ನಾನು ಬರೆದದ್ದು ಅಕ್ಟೋಬರ್–ನವೆಂಬರ್. ಮುಂಗಾರಿ ಕೊಯ್ಲಿನ ನಡುವೆ ಒಂದು ವಾರ ಹೊಂದಿಸುವುದು ಕಷ್ಟವೇ, ಆದರೆ ಕಲಿತದ್ದನ್ನು ಮರುದಿನವೇ ಪೆಟ್ಟಿಗೆಯಲ್ಲಿ ಮಾಡಬಹುದು.

ಪೆಟ್ಟಿಗೆ ಎರಡಿರಬೇಕು. ಒಂದರಿಂದ ಕಲಿಯುವುದು ಆಗದ ಮಾತು. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ, ಅಂದರೆ ನೊಣ ಕಟ್ಟಿದ ಮೇಣದ ಹಲ್ಲೆ, ತಂದಿಟ್ಟರೆ ನೊಣಗಳೇ ಹೊಸ ರಾಣಿ ಎಬ್ಬಿಸಿಕೊಳ್ಳುತ್ತವೆ. ಎರಡನೇ ಪೆಟ್ಟಿಗೆ ಇಲ್ಲದವರು ಕೆಲಸಗಾರ ನೊಣಗಳೇ ಮೊಟ್ಟೆ ಇಟ್ಟು, ಬರೀ ಗಂಡುನೊಣ ಹುಟ್ಟಿ, ಕುಟುಂಬ ಕರಗುವುದನ್ನು ನೋಡುತ್ತಾ ನಿಲ್ಲಬೇಕು. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು ತುಡುವೆ. ಅದರ ಕುಟುಂಬ, ಪೆಟ್ಟಿಗೆ, ಸ್ಟ್ಯಾಂಡು ಸೇರಿ ಒಂದಕ್ಕೆ ಸುಮಾರು 4,500 ರೂಪಾಯಿ, ಎರಡಕ್ಕೆ 9,000. ಶೇ. 75 ಸಹಾಯಧನ ಸಿಕ್ಕರೆ ಕೈಯಿಂದ ಹೋಗುವುದು 2,250.

ಉಳಿಸಬಹುದಾದ ಕಡೆ ಉಳಿಸಿ. ಮುಖಪರದೆಯನ್ನು ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ: ಅಗಲ ಅಂಚಿನ ಟೋಪಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಊರಿನ ಟೈಲರ್ ಹೊಲಿದುಕೊಡುತ್ತಾನೆ. ಕಣ್ಣೆದುರಿನ ಭಾಗಕ್ಕೆ ಕಪ್ಪು ಬಟ್ಟೆಯೇ ಹಾಕಿಸಿ, ಬಿಳಿಯದರಲ್ಲಿ ಬಿಸಿಲು ಹೊಳೆದು ಮೊಟ್ಟೆ ಕಾಣುವುದಿಲ್ಲ. ನೊಣಗಳಿಗೆ ಹೊಗೆ ಹಾಕುವ ಹೊಗೆತಿದಿ ಬದಲು ಗೋಣಿಚೀಲದ ಬಿಗಿ ಸುರುಳಿ ನಡೆಯುತ್ತದೆ. ತುಪ್ಪ ತೆಗೆಯುವ ಯಂತ್ರ ಮೊದಲ ವರ್ಷ ಬೇಡವೇ ಬೇಡ, ನಾಲ್ಕು ಮನೆಯವರು ಸೇರಿ ಒಂದು ಇಟ್ಟುಕೊಂಡರಾಯಿತು.

ಪೆಟ್ಟಿಗೆಯಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಊರಿನ ಬಡಗಿ ಚೆನ್ನಾಗಿಯೇ ಮಾಡುತ್ತಾನೆ, ಆದರೆ ಎರಿ ಕಟ್ಟಿಸುವ ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ನೊಣ ಓಡಾಡುವ ಸಂದು ತುಡುವೆಗೆ 7–8 ಮಿಲಿಮೀಟರೇ ಇರಬೇಕು ಎಂಬುದು ಅವನ ಕೈಗೆ ರೂಢಿಯಿಲ್ಲದ ಲೆಕ್ಕ. ಹೆಚ್ಚಾದರೆ ಆ ಸಂದಿನಲ್ಲಿ ಅಡ್ಡ ಎರಿ ಕಟ್ಟುತ್ತವೆ, ಚೌಕಟ್ಟು ಎತ್ತಿದಾಗ ಎಲ್ಲ ಕಿತ್ತುಬರುತ್ತದೆ. ಕಡಿಮೆಯಾದರೆ ನೊಣ ಜಜ್ಜಿ ಸಾಯುತ್ತದೆ. ಹಸಿ ಹಲಗೆಯಾದರಂತೂ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ಮೇಣದ ಪತಂಗ ಮೊಟ್ಟೆ ಇಡುತ್ತದೆ. ಕುಟುಂಬವನ್ನೂ ಮಲೆನಾಡಿನಿಂದ ತರಿಸುವ ಉಮೇದು ಬೇಡ. ಬೆಟ್ಟದ ಕಪ್ಪು ತುಡುವೆ ಬೇರೆ, ಬಯಲಿನ ಹಳದಿ ತುಡುವೆ ಬೇರೆ. ಕಲ್ಲುಸಂದಿಯಲ್ಲೋ ಹಳೆ ಗೋಡೆಯಲ್ಲೋ ಸಿಕ್ಕ ಇಲ್ಲಿಯದೇ ಕುಟುಂಬ ಬಿಸಿಲಿಗೆ ತಾಳುತ್ತದೆ.

ಇಲ್ಲಿಗೆ ಬಂದರೆ ಎಲ್ಲ ತರಬೇತಿಯ ಕೊರತೆಯೂ ಕಾಣುತ್ತದೆ. ಹೇಳಿಕೊಡುವುದು ಬಹುಪಾಲು ಮಲೆನಾಡಿನ ಪಂಚಾಂಗ: ಜೂನ್‌ನಿಂದ ಆಗಸ್ಟಿನವರೆಗೆ ಮಳೆ, ಹೂವಿಲ್ಲ, ಸಕ್ಕರೆ ಪಾಕ ಕೊಡಿ. ನಮ್ಮಲ್ಲಿ ನೊಣಕ್ಕೆ ಬರ ಬರುವುದು ಏಪ್ರಿಲ್–ಮೇ ತಿಂಗಳಲ್ಲಿ. 42 ಡಿಗ್ರಿಯಲ್ಲಿ ಮೇಣ ಮೆತ್ತಗಾಗಿ ತುಪ್ಪ ತುಂಬಿದ ಎರಿ ಚೌಕಟ್ಟಿನಿಂದ ಕಳಚಿ ಬೀಳುತ್ತದೆ, ಮರುದಿನ ತುಡುವೆ ಪೆಟ್ಟಿಗೆ ಬಿಟ್ಟು ಎದ್ದುಹೋಗುತ್ತದೆ. ಬೇವಿನ ಅಥವಾ ಹೊಂಗೆಯ ಗಾಢ ನೆರಳು, ಬಾಗಿಲು ಪೂರ್ವಕ್ಕೆ, ಮುಚ್ಚಳದ ಮೇಲೆ ಒದ್ದೆ ಗೋಣಿ, ಹತ್ತು ಹೆಜ್ಜೆಯೊಳಗೆ ಹರಳುಕಲ್ಲು ಹಾಕಿದ ನೀರಿನ ತಟ್ಟೆ, ಇಷ್ಟು ಬೇಕೇ ಬೇಕು. ಸಕ್ಕರೆ ನೀರು ಸಮಸಮ ಕಾಯಿಸಿ ಆರಿಸಿ ಸಂಜೆ ಮಾತ್ರ ಇಡಬೇಕು, ಹಗಲಿಟ್ಟರೆ ಪಕ್ಕದ ಪೆಟ್ಟಿಗೆಯವು ದರೋಡೆಗೆ ಬರುತ್ತವೆ. ಇರುವೆ ತಡೆಯಲು ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ ಅನ್ನುತ್ತಾರೆ, ಇಲ್ಲಿ ಮಧ್ಯಾಹ್ನದೊಳಗೆ ಅದು ಒಣಗಿರುತ್ತದೆ. ಬಟ್ಟಲಿಗೆ ಹಳೆ ಇಂಜಿನ್ ಆಯಿಲ್ ಹಾಕಿದರೆ ವಾರಗಟ್ಟಲೆ ಚಿಂತೆಯಿಲ್ಲ.

ಹೂವಿನ ಜಾಗವೂ ಅಷ್ಟೇ. ಸಿಂಧನೂರು, ಗಂಗಾವತಿಯ ಭತ್ತದ ಬಯಲು ಕಣ್ಣಿಗೆ ಹಸಿರು, ಭತ್ತದ ಹೂವಿನಲ್ಲಿ ಮಕರಂದ ಇಲ್ಲ, ಮೇಲೆ ಔಷಧಿ ಹೊಡೆತ. ಸೂರ್ಯಕಾಂತಿ, ದಾಳಿಂಬೆ, ನುಗ್ಗೆ, ಎಳ್ಳು ಇರುವ ಒಣಭೂಮಿ ಕಡೆಯೇ ಪೆಟ್ಟಿಗೆ ಕೂರಬೇಕು. ಅಕ್ಕಪಕ್ಕದ ಹತ್ತಿ, ಮೆಣಸಿನಕಾಯಿ ಹೊಲದವರಿಗೆ "ಔಷಧಿ ಸಂಜೆ ಹೊಡೀರಪಾ, ಹಿಂದಿನ ದಿನ ಒಂದು ಫೋನ್ ಮಾಡ್ರಿ" ಎಂದು ಹೇಳಿಟ್ಟಿರಬೇಕು. ಕರಡಿಧಾಮ ಇರುವ ದರೋಜಿ ಸುತ್ತಲಿನವರಾದರೆ ಕರಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ, ಅಲ್ಲಿ ಸ್ಟ್ಯಾಂಡು ನೆಲದ ಮೇಲಿಡುವ ಮಾತೇ ಬೇಡ.

ಒಂದು ವರ್ಷ ಎರಡು ಪೆಟ್ಟಿಗೆ ಉಳಿಸಿಕೊಂಡ ಮೇಲೆ ಕೌಶಲ ಪ್ರಮಾಣಪತ್ರದ ದಾರಿ ಹಗುರ. ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪತ್ರ ಕೊಡುವ, ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯಿದೆ. ಪೂರ್ತಿ ಕೋರ್ಸು ಕೂರಬೇಕಿಲ್ಲ, ಕೂಲಿ ಹೆಚ್ಚು ಹೋಗುವುದಿಲ್ಲ. ಇದಕ್ಕೂ ತಂಡ ಬೇಕು, ಆ ಹದಿನೈದು ಹೆಸರಿನ ಪಟ್ಟಿ ಮತ್ತೆ ಕೆಲಸಕ್ಕೆ ಬರುತ್ತದೆ. ಪ್ರಶ್ನೆ ಯಾವ ಭಾಷೆಯಲ್ಲಿ ಬೇಕೆಂದು ಹೆಸರು ನೋಂದಾಯಿಸುವಾಗಲೇ ಕನ್ನಡ ಎಂದು ಬರೆಸಿ.

ಬಾಯಿಪಾಠ ಮಾಡಿಕೊಂಡು ಹೋದವರು ಸೋಲುವುದು ಚೌಕಟ್ಟು ಕೈಗೆ ಕೊಟ್ಟಾಗ. ಪರೀಕ್ಷೆ ಮಾಡುವವರು ರಾಣಿಯನ್ನು ತೋರಿಸಿ ಎಂದರೆ ಹೊಸಬರು ಐದು ನಿಮಿಷ ನೊಣಗಳ ನಡುವೆ ಹುಡುಕಿ ಬೆವರುತ್ತಾರೆ. ರಾಣಿ ಕಾಣದಿದ್ದರೂ ಇದ್ದಾಳೆಯೇ ಎಂದು ಹೇಳಬಹುದು. ಸೂರ್ಯನಿಗೆ ಬೆನ್ನು ಮಾಡಿ, ಭುಜದ ಮೇಲಿಂದ ಬಿಸಿಲು ಎರಿಯ ಕೋಣೆಗಳ ತಳಕ್ಕೆ ಬೀಳುವಂತೆ ಚೌಕಟ್ಟನ್ನು ಹಿಡಿಯಬೇಕು. ಅಕ್ಕಿನುಚ್ಚಿಗಿಂತ ಸಣ್ಣ, ಬಿಳಿ ದಾರದ ತುಂಡಿನಂಥದ್ದು ಕೋಣೆಯ ತಳದಲ್ಲಿ ನೆಟ್ಟಗೆ ನಿಂತಿದ್ದರೆ ಇಂದಿನ ಮೊಟ್ಟೆ, ವಾಲಿದ್ದರೆ ನಿನ್ನೆಯದು, ಮಲಗಿದ್ದರೆ ಮೊನ್ನೆಯದು. ನಿಂತ ಮೊಟ್ಟೆ ಕಂಡರೆ ರಾಣಿ ಹಿಂದಿನ ದಿನದವರೆಗೂ ಇದ್ದಳೆಂದು ಅರ್ಥ. ಒಂದೊಂದು ಕೋಣೆಯಲ್ಲಿ ಎರಡು ಮೂರು ಮೊಟ್ಟೆ, ಅದೂ ತಳದಲ್ಲಿರದೆ ಗೋಡೆಗೆ ಅಂಟಿದ್ದರೆ ಇಟ್ಟಿದ್ದು ರಾಣಿಯಲ್ಲ, ಕೆಲಸಗಾರ ನೊಣ. ಚೌಕಟ್ಟನ್ನು ಯಾವಾಗಲೂ ಪೆಟ್ಟಿಗೆಯ ಮೇಲೇ ಹಿಡಿದು ನೋಡಿ, ಅಡ್ಡ ಮಲಗಿಸಬೇಡಿ. ರಾಣಿ ಉದುರಿದರೆ ಪೆಟ್ಟಿಗೆಯೊಳಗೇ ಬೀಳಬೇಕು, ಹುಲ್ಲಿನಲ್ಲಲ್ಲ.