ಕೂಸಿನ ಮನೆಯಲ್ಲಿ ನೂರು ದಿನಗಳ ಲೆಕ್ಕ

ಕಳೆದ ವರ್ಷ ನವೆಂಬರ್‌ನಲ್ಲಿ ಬೀಗ ಬಿದ್ದಿದ್ದ ನಮ್ಮೂರಿನ ಕೂಸಿನ ಮನೆಯಲ್ಲಿ, ಅಂದರೆ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯಿತಿಯ ಶಿಶುಪಾಲನಾ ಕೇಂದ್ರದಲ್ಲಿ, ಈ 2025ರ ಡಿಸೆಂಬರ್‌ನಲ್ಲಿ ಹದಿನೆಂಟು ಮಕ್ಕಳಿದ್ದಾರೆ. ಇದು ನಡೆಯುವುದಿಲ್ಲ ಎಂದಿದ್ದವರ ಮೊಮ್ಮಗಳೂ ಅವರಲ್ಲಿ ಒಬ್ಬಳು.

ನಾನು ಎಡವಿದ್ದು ಲೆಕ್ಕದಲ್ಲಿ. ತರಬೇತಿ ಪಡೆದ ಹತ್ತು ಆರೈಕೆದಾರರಲ್ಲಿ ನಾಲ್ವರು ಬೇಗನೆ ಬಿಟ್ಟುಹೋದರು. ಉಳಿದ ಆರು ಮಂದಿಗೆ ನರೇಗಾದಲ್ಲಿ (ಗ್ರಾಮೀಣ ಉದ್ಯೋಗ ಖಾತರಿ ಯೋಜನೆ) ತಲಾ ನೂರು ದಿನದ ಕೂಲಿ, ದಿನಕ್ಕೆ ಇಬ್ಬರು, ಅಲ್ಲಿಗೆ ಮುನ್ನೂರು ದಿನ ಸಾಗುತ್ತದೆಂದು ನಂಬಿದ್ದೆ. ಆದರೆ ನರೇಗಾದ ನೂರು ದಿನ ಸಿಗುತ್ತಿದ್ದುದು ಇಡೀ ಕುಟುಂಬಕ್ಕೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಲು ಹೋಗಿದ್ದ ಗಂಡಂದಿರು ಅದೇ ಜಾಬ್ ಕಾರ್ಡಿನ ದಿನಗಳನ್ನು ಬಳಸಿಕೊಂಡಿದ್ದರಿಂದ, ಒಬ್ಬಳ ಪಾಲಿಗೆ ಮೂವತ್ತೆಂಟೋ ನಲವತ್ತೋ ದಿನ ಮಾತ್ರ ಉಳಿದಿತ್ತು. ಆಗ ದಿನಗೂಲಿ 349 ರೂಪಾಯಿ. ಅದೂ ಒಮ್ಮೆ ಒಂದೂವರೆ ತಿಂಗಳು ತಡವಾಗಿ, ಮೂವರು ಸ್ವಸಹಾಯ ಸಂಘದಲ್ಲಿ ಸಾಲ ಮಾಡಬೇಕಾಯಿತು. ಆ ಬಡ್ಡಿಯನ್ನು ಯಾರೂ ತುಂಬಿಕೊಡಲಿಲ್ಲ.

ಈ ಏಪ್ರಿಲ್‌ನಲ್ಲಿ ಇನ್ನಿಬ್ಬರನ್ನು ಒಪ್ಪಿಸಿ ಎಂಟು ಮಂದಿಯಾದೆವು. ಪ್ರತಿ ಮನೆಗೂ ಹೋಗಿ, ಗಂಡ ಮತ್ತು ಅತ್ತೆಯ ಎದುರಿನಲ್ಲೇ ಕುಳಿತು, ಎಪ್ಪತ್ತೈದು ದಿನ ಕೂಸಿನ ಮನೆಗೆ, ಇಪ್ಪತ್ತೈದು ದಿನ ಗಂಡನ ಕೆಲಸಕ್ಕೆ ಎಂದು ಮಾತು ಮಾಡಿಕೊಂಡೆ. ಕೂಲಿ 370 ಆಗಿದ್ದರಿಂದ ಹೆಣ್ಣುಮಗಳ ಖಾತೆಗೇ ಸುಮಾರು ಇಪ್ಪತ್ತೇಳು ಸಾವಿರದ ಮೇಲೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ ಮೇಲೆ ವಾದ ಕಡಿಮೆಯಾಯಿತು. ಪ್ರತಿ ಎನ್‌ಎಂಆರ್ (ನರೇಗಾ ಹಾಜರಿ ಪಟ್ಟಿ) ಮುಗಿದಾಗ ಎಲ್ಲರ ಉಳಿದ ದಿನಗಳನ್ನು ಅದೇ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಆರೈಕೆದಾರರು ಬದಲಾದರೆ ಮಕ್ಕಳು ನಿಲ್ಲುವುದಿಲ್ಲ ಎಂಬ ಆಕ್ಷೇಪ ನಿಜವಾಗಿತ್ತು. ಹಿಂದಿನ ವರ್ಷ ಇಬ್ಬರನ್ನೂ ಒಟ್ಟಿಗೆ ಬದಲಿಸಿದ ದಿನ, ಒಂದೂವರೆ ವರ್ಷದ ಹುಡುಗನೊಬ್ಬ ಹಳೆಯ ಆರೈಕೆದಾರಳ ಸೆರಗನ್ನು ಬಿಡಿಸಲಾಗದಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದ. ಈಗ ಒಮ್ಮೆಗೆ ಒಬ್ಬರನ್ನೇ ಬದಲಿಸುತ್ತೇವೆ. ಪರಿಚಿತ ಮುಖವೊಂದು ಸದಾ ಇರುತ್ತದೆ. ಹೊಸ ಮಗುವನ್ನು ಮೂರೇ ದಿನದಲ್ಲಿ ಒಗ್ಗಿಸುವ ನಮ್ಮ ಕ್ರಮ ಬೇರೆಯೇ ಇದೆ. ಅದನ್ನು ಬರೆದು ತಿಳಿಸಲಾಗದು, ಬಂದು ನೋಡಿದವರಿಗೆ ತೋರಿಸುತ್ತೇನೆ.

ನಡುವೆ ಸೀರೆಯ ತೊಟ್ಟಿಲು ಕಟ್ಟಿ ನೋಡಿದೆವು. ಒಂದು ಮಗು ಮಲಗಿದರೆ ನಾಲ್ಕು ಮಕ್ಕಳು ಅದಕ್ಕಾಗಿ ಅಳುತ್ತಿದ್ದರಿಂದ ಚಾಪೆಗೇ ಮರಳಿದೆವು. ಮೊಳಕೆ ರಾಗಿಯ ಸರಿ ಮಾತ್ರ ಚೆನ್ನಾಗಿ ನಡೆದಿದೆ.

ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಕೊನೆಯವರೆಗೆ ಬೇಕಾದಷ್ಟು ದಿನಗಳು ಪುಸ್ತಕದಲ್ಲಿ ಇನ್ನೂ ಉಳಿದಿವೆ.