ಬಾಲ್ಯದ ಉಬ್ಬಸ ನಿಜವಾಗ್ಲೂ ಹೋಗಿದೆಯಾ? ನೋಡಿಕೊಳ್ಳುವುದು ಹೀಗೆ

ನನಗೆ 6 ವರ್ಷಕ್ಕೆ ಶುರುವಾದ ಉಬ್ಬಸ 14ಕ್ಕೆ ನಿಂತಿತು. ಇನ್‌ಹೇಲರನ್ನು ಡ್ರಾಯರಿನ ಮೂಲೆಗೆ ತಳ್ಳಿ ಮರೆತೇಬಿಟ್ಟೆ. 31ರಲ್ಲಿ ಒಂದು ನೆಗಡಿ ಬಂತು. ನೆಗಡಿ ವಾರದಲ್ಲಿ ಹೋಯಿತು, ಕೆಮ್ಮು ಹೋಗಲಿಲ್ಲ. ಒಂದು ರಾತ್ರಿ ಮೂರು ಗಂಟೆಗೆ ತೊಡೆ ಮೇಲೆ ದಿಂಬಿಟ್ಟುಕೊಂಡು, ಮುಂದಕ್ಕೆ ಬಾಗಿ ಕೂತಿದ್ದೆ. ಚಿಕ್ಕವಳಿದ್ದಾಗ ಕೂರುತ್ತಿದ್ದದ್ದೂ ಹಾಗೇ. ಉಸಿರು ಬಿಟ್ಟರೆ ಅದೇ ಸುಯ್ ಸುಯ್ ಸದ್ದು.

‘ದೊಡ್ಡವರಾದ ಮೇಲೆ ಹೋಗುತ್ತೆ’ ಅನ್ನುವುದು ಸುಳ್ಳೇನಲ್ಲ. ತುಂಬಾ ಮಕ್ಕಳಿಗೆ ಹರೆಯದಲ್ಲಿ ನಿಲ್ಲುತ್ತದೆ. ಆದರೆ ಕೆಲವರಿಗೆ ಕೆಮ್ಮು, ಉಬ್ಬಸ ನಿಂತರೂ ಶ್ವಾಸನಾಳದ ಊತ ಒಳಗೇ ಉಳಿದಿರುತ್ತದೆ. ಮೆಲ್ಬರ್ನ್‌ನಲ್ಲಿ 1964ರಿಂದ ಮಕ್ಕಳ ಒಂದು ಗುಂಪನ್ನು 50 ವಯಸ್ಸಿನವರೆಗೆ ಗಮನಿಸಿದರು. ಆಗಾಗ ಮಾತ್ರ ಉಬ್ಬಸ ಬರುತ್ತಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬಿಟ್ಟುಹೋಗಿತ್ತು. ತೀವ್ರವಾಗಿದ್ದವರಲ್ಲಿ ಬಿಟ್ಟದ್ದು ಸುಮಾರು ಶೇ. 15 ಜನಕ್ಕಷ್ಟೇ.

ಹಾಗಾಗಿ ಸುಮ್ನೆ ನಂಬಿ ಕೂರಬೇಡಿ. ರಾತ್ರಿ ಕೆಮ್ಮು ಎಬ್ಬಿಸುತ್ತದಾ? ಜೋರಾಗಿ ನಕ್ಕರೆ ಕೆಮ್ಮು ಬರುತ್ತದಾ? ಓಡಿ ನಿಂತ ಐದು-ಹತ್ತು ನಿಮಿಷಕ್ಕೆ ಎದೆ ಬಿಗಿಯುತ್ತದಾ? ಓಡುವಾಗಲ್ಲ, ನಿಂತ ಮೇಲೆ ನೋಡಿ.

ಅನುಮಾನ ಬಂದರೆ ಪೀಕ್ ಫ್ಲೋ ಮೀಟರ್ ಹಿಡಿಯಿರಿ, ಅಂದರೆ ಉಸಿರು ಎಷ್ಟು ರಭಸವಾಗಿ ಹೊರಬರುತ್ತದೆ ಅಂತ ಅಳೆಯುವ ಪುಟ್ಟ ಸಾಧನ. ಎದ್ದು ನಿಂತು, ಮುಳ್ಳನ್ನು ಸೊನ್ನೆಗೆ ತಂದು, ಎದೆ ತುಂಬ ಉಸಿರು ಎಳೆದುಕೊಳ್ಳಿ. ತುಟಿಯ ಸುತ್ತ ಗಾಳಿ ಸೋರದ ಹಾಗೆ ಮೀಟರಿನ ಬಾಯಿಯನ್ನು ಕಚ್ಚಿ, ಒಂದೇ ಸಲ ರಭಸವಾಗಿ ಊದಿ. ಮೂರು ಸಲ ಊದಿ, ಅತಿ ದೊಡ್ಡ ಅಂಕಿ ಬರೆದುಕೊಳ್ಳಿ. ಎರಡು ವಾರ, ಬೆಳಿಗ್ಗೆ ಮತ್ತು ಸಂಜೆ. ನನ್ನದು ಸಂಜೆ 400, ಬೆಳಿಗ್ಗೆ 310 ಇತ್ತು. ಆ ಏರಿಳಿತವೇ ಸುಳಿವು. ಚೀಟಿ ತೋರಿಸಿದ ಕೂಡಲೇ ಡಾಕ್ಟರ್ ಸ್ಪೈರೋಮೆಟ್ರಿ (ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಬರೆದರು. ತೊಂದರೆ ಇಲ್ಲದ ದಿನ ಆ ಪರೀಕ್ಷೆ ಸರಿಯಾಗಿಯೇ ಬರಬಹುದು, ಅಷ್ಟಕ್ಕೇ ನಿರಾಳವಾಗಬೇಡಿ.

ಮಕ್ಕಳಿಗೆ ಚೆನ್ನಾಗಿದೆ ಅಂತ ದಿನದ ಇನ್‌ಹೇಲರನ್ನು ನೀವೇ ನಿಲ್ಲಿಸಬೇಡಿ, ದಯವಿಟ್ಟು. ಸಾಮಾನ್ಯವಾಗಿ ಮೂರು ತಿಂಗಳಾದರೂ ಹತೋಟಿಯಲ್ಲಿದ್ದ ಮೇಲೆ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ. ಸಿಗರೇಟು ಬೇಡವೇ ಬೇಡ. ಹಳೆಯ ಉಬ್ಬಸವನ್ನು ಎಬ್ಬಿಸುವುದರಲ್ಲಿ ಅದೂ ಒಂದು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವವರಿಗೆ ‘ಚಿಕ್ಕಂದಿನಲ್ಲಿ ಇತ್ತು’ ಅಂತ ಹೇಳಿಬಿಡಿ.

ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಇನ್‌ಹೇಲರ್ ಎಳೆದರೂ ಇಳಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ. ಆ ರಾತ್ರಿ ನಾನು ಡ್ರಾಯರ್ ತಡಕಿ ತೆಗೆದ ಇನ್‌ಹೇಲರಿನ ಅವಧಿ ಎಂದೋ ಮುಗಿದಿತ್ತು. ನಿಮ್ಮದರ ತಾರೀಖು ಇವತ್ತೇ ನೋಡಿ.